ಫೋಲ್ಡರ್‌ಗಳಲ್ಲಿ ಪದ ಹುಡುಕಲು ಟರ್ಮಿನಲ್ಲೇ ಬೇಕೆ?

ಪರ

ರಾತ್ರಿ ಹೊತ್ತು ಸರ್ವರ್ ಕೈಕೊಟ್ಟಿದೆ. ದೂರದಿಂದಲೇ ಸರ್ವರ್‌ಗೆ ಸೇರುವ ಎಸ್‌ಎಸ್‌ಎಚ್‌ನಲ್ಲಿ ಒಳಹೊಕ್ಕರೆ ಮೌಸ್ ಇಲ್ಲ, ಮೆನು ಇಲ್ಲ, ಕಮಾಂಡ್ ಟೈಪ್ ಮಾಡುವ ಬರೀ ಕಪ್ಪು ಪರದೆ, ಅದೇ ಟರ್ಮಿನಲ್. ಸರ್ವರ್ ತನ್ನ ಆಗುಹೋಗು ಬರೆದಿಡುವ /ವಾರ್/ಲಾಗ್ ಕೆಳಗೆ ಹತ್ತಾರು ಫೋಲ್ಡರ್. ಎರರ್ ಎಲ್ಲಿದೆ? ಪದ ಹುಡುಕುವ ಕಮಾಂಡ್ ಗ್ರೆಪ್‌ಗೆ ‘-ಆರ್’ ಕೊಟ್ಟರೆ ಒಳಗಿನ ಫೋಲ್ಡರ್‌ಗಳಿಗೂ ಇಳಿಯುತ್ತದೆ. ‘-ಎನ್’ ಕೊಟ್ಟರೆ ಸಾಲಿನ ಸಂಖ್ಯೆ, ‘-ಎಲ್’ ಕೊಟ್ಟರೆ ಫೈಲಿನ ಹೆಸರು ಮಾತ್ರ. ಬೇಕಾದಷ್ಟು ಫೋಲ್ಡರ್‌ಗಳ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯಬಹುದು.

ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಬರೆದ ಗ್ರೆಪ್ ಯುನಿಕ್ಸ್ ಆಪರೇಟಿಂಗ್ ಸಿಸ್ಟಂಗೆ ಬಂದದ್ದು 1973ರಲ್ಲಿ. ಇವತ್ತಿಗೂ ಲಿನಕ್ಸ್, ಮ್ಯಾಕ್ ಎರಡರಲ್ಲೂ ಇದೆ. ಒಮ್ಮೆ ಕಲಿತದ್ದು ಇಷ್ಟು ಕಾಲ ಉಪಯೋಗಕ್ಕೆ ಬರುವುದು ನಮ್ಮ ಕೆಲಸದಲ್ಲಿ ಅಪರೂಪ.

ನನಗೆ ಎಲ್ಲಕ್ಕಿಂತ ಮುಖ್ಯ, ನಂಬಿಕೆ. ಹುಡುಕು ಪೆಟ್ಟಿಗೆ ‘ಏನೂ ಸಿಗಲಿಲ್ಲ’ ಅಂದಾಗ ಅದು ಎಲ್ಲೆಲ್ಲಿ ನೋಡಿತು, ಏನು ಬಿಟ್ಟಿತು ಅಂತ ಯಾರಿಗೆ ಗೊತ್ತು? ಗ್ರೆಪ್ ನಾನು ಹೇಳಿದ ಜಾಗದಲ್ಲಿ ನಾನು ಹೇಳಿದ ಪದವನ್ನೇ ಹುಡುಕುತ್ತದೆ. ಓದಲು ಅನುಮತಿ ಇಲ್ಲದ ಫೈಲ್ ಎದುರಾದರೆ ಅದನ್ನೂ ಹೇಳುತ್ತದೆ. ಅದೇ ಕಮಾಂಡನ್ನು ಸಹೋದ್ಯೋಗಿಗೆ ಕಳಿಸಿದರೆ ಅವರೂ ಅಲ್ಲೇ ಹುಡುಕುತ್ತಾರೆ. ವೇಗ ಜಾಸ್ತಿ ಬೇಕಾದರೆ ಅದೇ ಥರದ ಕಮಾಂಡ್ ರಿಪ್‌ಗ್ರೆಪ್ ಇದೆ. ಅದು ಅಡಗಿಸಿಟ್ಟ ಫೈಲ್‌ಗಳನ್ನೂ ಗಿಟ್‌ಇಗ್ನೋರ್ ಪಟ್ಟಿಯಲ್ಲಿರುವುದನ್ನೂ (ಕೋಡ್ ಕಾಯುವ ಗಿಟ್‌ಗೆ ‘ಇವು ಬೇಡ’ ಅಂತ ಬರೆದಿಟ್ಟ ಫೈಲ್‌ಗಳು) ತಾನಾಗಿ ಬಿಡುತ್ತದೆ. ‘-ಯುಯುಯು’ ಕೊಟ್ಟರೆ ಎಲ್ಲವನ್ನೂ ಜಾಲಾಡುತ್ತದೆ. ಯಾವುದನ್ನು ಬಿಡಬೇಕು ಅನ್ನುವುದು ನನ್ನ ಕೈಯಲ್ಲೇ ಇದೆ, ಅಲ್ವಾ? ಬಟನ್ ಒತ್ತದೆ ಕೈ ಆಡುವುದೇ ಇಲ್ಲ ಅನ್ನುವವರು ಒಂದು ಮಧ್ಯಾಹ್ನ ಕೂತು ಕಲಿಯಲಿ.

ವಿರೋಧ

ಸರ್ವರ್ ವಿಷಯ ಒಪ್ಪಿದೆ. ಅಲ್ಲಿ ನಾನೂ ಗ್ರೆಪ್ಪನ್ನೇ ಬಳಸುತ್ತೇನೆ. ಆದರೆ ಎಲ್ಲರ ಹತ್ತಿರ ಇರುವುದು ಲಾಗ್ ಫೈಲ್ ಅಲ್ಲ.

ನಮ್ಮೂರ ಸಂಘದ ನಡಾವಳಿಗಳಲ್ಲಿ ಕೆರೆ ಹೂಳೆತ್ತುವ ಹಳೇ ಠರಾವು ಬೇಕಿತ್ತು. ವರ್ಷಕ್ಕೊಂದು ಫೋಲ್ಡರ್. ‘ಕೆರೆ’ ಅಂತ ಗ್ರೆಪ್‌ಗೆ ಕೊಟ್ಟೆ. ಒಂದು ಸಾಲೂ ಬರಲಿಲ್ಲ. ಗುಮಾಸ್ತರು ಫೈಲ್ ತೆರೆದು ತೋರಿಸಿದರು, ಠರಾವು ಕಣ್ಣೆದುರೇ ಇತ್ತು! ಕೆಲವು ವರ್ಡ್‌ನ ಡಾಕ್ಸ್ ಫೈಲ್‌ಗಳು. ಅವು ಜಿಪ್ ಮಾಡಿದ ಕಟ್ಟುಗಳು, ಒಳಗಿನ ಮಾತು ಗ್ರೆಪ್‌ಗೆ ಕಾಣುವುದಿಲ್ಲ. ಉಳಿದವು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯೂನಿಕೋಡ್‌ಗಿಂತ ಮುಂಚಿನ ಫಾಂಟಿನವು. ಪರದೆಯ ಮೇಲೆ ಕನ್ನಡ, ಫೈಲಿನೊಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. ಯೂನಿಕೋಡ್ ಇದ್ದರೂ ತೊಡಕು ತಪ್ಪಿದ್ದಲ್ಲ. ‘ರಾಜ್‌ಕುಮಾರ್’ ಎಂಬ ಹೆಸರಿನ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಅದನ್ನು ಬಿಟ್ಟು ಟೈಪ್ ಮಾಡಿದರೆ ಹೆಸರು ಸಿಗುವುದಿಲ್ಲ.

ಗ್ರೆಪ್ಪನ್ನು ನಂಬಿ ‘ಅಂಥ ಠರಾವೇ ಆಗಿಲ್ಲ’ ಅಂತ ಸಭೆಯಲ್ಲಿ ಹೇಳಿದ್ದರೆ ಏನಾಗುತ್ತಿತ್ತು? ವಿಂಡೋಸ್‌ನ ಹುಡುಕು ಪೆಟ್ಟಿಗೆ, ಇಂಡೆಕ್ಸ್ ಆದ (ಮೊದಲೇ ಪದಸೂಚಿ ಮಾಡಿಟ್ಟ) ಫೋಲ್ಡರ್‌ಗಳಲ್ಲಿ ಡಾಕ್ಸ್ ಒಳಗಿನ ಮಾತನ್ನೂ ಓದುತ್ತದೆ. ಗುಮಾಸ್ತರಿಗೆ ಅದನ್ನೇ ಹೇಳಿಕೊಟ್ಟೆ. ಹಳೇ ಫಾಂಟಿನ ಫೈಲ್‌ಗಳನ್ನು ಯೂನಿಕೋಡ್‌ಗೆ ತರುವ ಕೆಲಸ ಇನ್ನೂ ನಡೆಯುತ್ತಿದೆ.