ಮೊದಲು ಕತ್ತು ನೋಡಿ, ತಪ್ಪು ಆಮೇಲೆ ಹುಡುಕಿ

ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಗ್ರೇಟ್ ಸೌತ್ ರೋಡಿನಲ್ಲಿ ಕೆಂಪು ಸಿಗ್ನಲ್‌ಗೆ ನಿಂತಿದ್ದೆವು. ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಬಂಪರ್ ಒಳಗೆ ಹೋಯಿತು, ಯಾರಿಗೂ ರಕ್ತ ಬರಲಿಲ್ಲ. ಊರಿಂದ ಬಂದಿದ್ದ ಅಮ್ಮ "ನಂಗೇನೂ ಆಗಿಲ್ಲ ಕಣೋ, ಮನೆಗೆ ನಡಿ" ಅಂದಳು. ಮಾರನೇ ದಿನ ಬೆಳಿಗ್ಗೆ ಅವಳಿಗೆ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ಹಿಂದಿನಿಂದ ಗುದ್ದಿಸಿಕೊಂಡವರಿಗೆ ನೋವು ಹೀಗೆ ತಡವಾಗಿ ಬರುವುದು ಮಾಮೂಲು.

ಹತ್ತಿರದ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಗುದ್ದಿದವನ ಲೈಸೆನ್ಸಿನ ಫೋಟೋ, ಕಾರಿನ ನಂಬರು, ಅಮ್ಮನ ವಿಸಿಟರ್ ವೀಸಾ, ಟ್ರಾವೆಲ್ ಇನ್ಶೂರೆನ್ಸ್, ಎಲ್ಲಾ ಫೈಲಿನಲ್ಲಿ ಜೋಡಿಸಿಕೊಂಡಿದ್ದೆ. ಫಿಜಿಯೋ ಆ ಫೈಲು ತೆರೆಯಲೇ ಇಲ್ಲ. ಎಲ್ಲಿ ನೋವು, ಯಾವತ್ತು ಆಯಿತು, ಹೇಗಾಯಿತು ಅಂತ ಕೇಳಿ ಎಸಿಸಿ 45 ಅನ್ನುವ ಗಾಯದ ಕ್ಲೇಮ್ ಫಾರ್ಮ್ ತುಂಬಿದರು. ಅಮ್ಮ ಕನ್ನಡದಲ್ಲೇ ಸಹಿ ಹಾಕಿದಳು. ಆಮೇಲೆ ಅವಳನ್ನು ಮಲಗಿಸಿ, ತಲೆಯ ಕೆಳಗೆ ಕೈಯಿಟ್ಟು, ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿದರು. ಚಿಕಿತ್ಸೆ ಅವತ್ತೇ ಶುರು. ನಮ್ಮ ಕೈಯಿಂದ ಹೋಗಿದ್ದು ಸಣ್ಣ ಮೊತ್ತ.

ಹೊರಗೆ ಬಂದ ಮೇಲೆ ಅಮ್ಮ ಕೇಳಿದಳು: "ಗುದ್ದಿದೋನ್ ಯಾರು ಅಂತ ಕೇಳ್ಲೇ ಇಲ್ವಲ್ಲೋ?"

ಇಲ್ಲಿ ಕೇಳುವುದಿಲ್ಲ. ಓವನ್ ವುಡ್‌ಹೌಸ್ ಅನ್ನುವ ನ್ಯಾಯಾಧೀಶರ ಆಯೋಗ 1967ರಲ್ಲಿ ಒಂದು ವರದಿ ಕೊಟ್ಟಿತು. ಗಾಯವಾದವರು ತಪ್ಪು ಯಾರದ್ದೆಂದು ಸಾಬೀತು ಮಾಡುತ್ತಾ ಕೂರಬಾರದು, ಸಮಾಜವೇ ಅವರನ್ನು ನೋಡಿಕೊಳ್ಳಬೇಕು ಅನ್ನುವುದು ಅದರ ತಿರುಳು. 1972ರಲ್ಲಿ ಕಾನೂನಾಯಿತು, 1974ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಸಿಸಿ ಅನ್ನುವ ಸರ್ಕಾರಿ ಸಂಸ್ಥೆ ಚಿಕಿತ್ಸೆಯ ಖರ್ಚಿಗೆ ಕೊಡುತ್ತದೆ. ದುಡಿಯುವವರು ಕೆಲಸಕ್ಕೆ ಹೋಗಲಾಗದಿದ್ದರೆ ಸಂಪಾದನೆಯ ಶೇ. 80ರವರೆಗೂ ವಾರವಾರ ಕೊಡುತ್ತದೆ. ರಸ್ತೆ ಅಪಘಾತಗಳಿಗೆ ಬೇಕಾದ ದುಡ್ಡು ಪೆಟ್ರೋಲ್ ಮೇಲಿನ ಲೆವಿಯಿಂದ, ವಾಹನದ ವಾರ್ಷಿಕ ಲೈಸೆನ್ಸ್ ಫೀಸಿನಿಂದ ಬರುತ್ತದೆ. ಅಂದರೆ ಗಾಡಿ ಓಡಿಸುವ ಎಲ್ಲರೂ ಮೊದಲೇ ಕೊಟ್ಟಿರುತ್ತಾರೆ. ನಮ್ಮಮ್ಮನ ಹಾಗೆ ನೋಡಿಕೊಂಡು ಹೋಗಲು ಬಂದವರಿಗೂ ಚಿಕಿತ್ಸೆಯ ಮಟ್ಟಿಗೆ ಇದು ಸಿಗುತ್ತದೆ.

ನನಗೆ ಆಗ ನೆನಪಾಗಿದ್ದು ಚಿಕ್ಕಪ್ಪ. ತುಮಕೂರು ರಸ್ತೆಯಲ್ಲಿ ಮುಂದೆ ಗಾಡಿಗಳು ನಿಂತಿದ್ದವು ಅಂತ ಅವರು ಕಾರು ನಿಧಾನ ಮಾಡಿದರು. ಹಿಂದಿದ್ದ ಗೂಡ್ಸ್ ಗಾಡಿ ಬಂದು ಹೊಡೆಯಿತು. ಕತ್ತಿಗೂ ಭುಜಕ್ಕೂ ಪೆಟ್ಟು. ಜನ ಸೇರಿದರು. "ಎಷ್ಟೋ ಒಂದಷ್ಟು ಇಸ್ಕೊಂಡು ಬಿಟ್ಬಿಡಿ ಸಾರ್, ಕೋರ್ಟು ಯಾರು ಅಲೀತಾರೆ" ಅಂತ ಬುದ್ಧಿವಾದ. ಚಿಕ್ಕಪ್ಪ ಕೇಳಲಿಲ್ಲ. ಎಫ್ಐಆರ್, ಮಹಜರು, ವುಂಡ್ ಸರ್ಟಿಫಿಕೇಟ್, ಮೋಟಾರು ವಾಹನ ಇನ್‌ಸ್ಪೆಕ್ಟರರ (ಐಎಂವಿ) ರಿಪೋರ್ಟ್, ಚಾರ್ಜ್‌ಶೀಟ್ ಎಲ್ಲಾ ಕೂಡಿಸಿ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ನಿನಲ್ಲಿ ಪರಿಹಾರ ಕೇಳಿ ಮೋಟಾರು ಅಪಘಾತ ಟ್ರಿಬ್ಯುನಲ್ಲಿಗೆ ಅರ್ಜಿ ಹಾಕಿದರು.

ಪಾಟೀಸವಾಲಿನಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲರು ಕೇಳಿದ್ದನ್ನು ಚಿಕ್ಕಪ್ಪ ಇವತ್ತಿಗೂ ಹೇಳುತ್ತಾರೆ. "ನೀವು ಸಡನ್ನಾಗಿ ಬ್ರೇಕ್ ಹಾಕಿದ್ದರಿಂದಲೇ ಅಪಘಾತವಾಯಿತು ಅಂದರೆ ಸರಿಯೇ?" "ಸರಿಯಲ್ಲ." ಹಿಂದಿನ ಗಾಡಿ ಅಂತರ ಬಿಟ್ಟು ಬರಬೇಕು ಅನ್ನುವ ನಿಯಮ ನಮ್ಮಲ್ಲೂ ಇದೆ. ಆದರೂ ಗುದ್ದಿಸಿಕೊಂಡವನ ತಲೆಗೂ ತಪ್ಪಿನ ಒಂದು ಪಾಲು ಕಟ್ಟಿದರೆ ಪರಿಹಾರ ಅಷ್ಟು ಕಡಿಮೆ. ಅಂಗವೈಕಲ್ಯ ಶೇಕಡಾ ಎಷ್ಟು ಅಂತ ಡಾಕ್ಟರು ಬಂದು ಸಾಕ್ಷಿ ಹೇಳಬೇಕು. ಅವರ ಪುರುಸೊತ್ತು ನೋಡಿ ವಾಯಿದೆ, ಮತ್ತೆ ವಾಯಿದೆ. ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿ ಆಯಿತು.

ನನ್ನ ಸಿಟ್ಟು ಮೊತ್ತ ಕಡಿಮೆ ಆಯಿತು ಅಂತ ಅಲ್ಲ. ಕತ್ತಿಗೆ ಫಿಜಿಯೋಥೆರಪಿ ಬೇಕಾಗಿದ್ದ ಆ ಮೊದಲ ತಿಂಗಳುಗಳಲ್ಲಿ ಎಲ್ಲವೂ ಕೈಯಿಂದಲೇ ಹೋಗುತ್ತಿತ್ತು. ವಕೀಲರು "ಬಿಲ್ಲು ಜೋಪಾನವಾಗಿಡಿ" ಅಂದರು. ಬಿಲ್ಲು ಜೋಪಾನವಾಯಿತು, ಚಿಕಿತ್ಸೆ ಅರ್ಧಕ್ಕೆ ನಿಂತಿತು. ಪರಿಹಾರ ಬರುವ ಹೊತ್ತಿಗೆ ನೋವು ಖಾಯಂ ಆಗಿತ್ತು. ನಮ್ಮ ಜನರ ಶಕ್ತಿಯೆಲ್ಲ ತಪ್ಪು ಸಾಬೀತು ಮಾಡುವುದರಲ್ಲೇ ಖರ್ಚಾಗುತ್ತದೆ. ತಪ್ಪು ಕೇಳದೆ ಕೊಡುವ 164ನೇ ಸೆಕ್ಷನ್ ಇದೆ. ಅದರಲ್ಲಿ ಸತ್ತವರ ಮನೆಯವರಿಗೆ ಐದು ಲಕ್ಷ, ತೀವ್ರ ಗಾಯವಾದವರಿಗೆ ಎರಡೂವರೆ ಲಕ್ಷ ಸಿಗುತ್ತದೆ. ಎಕ್ಸ್‌ರೇಯಲ್ಲಿ ಏನೂ ಕಾಣದ ಕತ್ತು ನೋವನ್ನು ಆ ಲೆಕ್ಕಕ್ಕೆ ಸೇರಿಸುವುದು ಕಷ್ಟ.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಚಿಕ್ಕಪ್ಪ ಸುಮ್ನೆ ಕೇಳಿಸಿಕೊಳ್ಳಲಿಲ್ಲ. "ನೋವಿಗೆ ಅಂತ ಏನು ಕೊಟ್ಟರು ನಿಮ್ಮಮ್ಮಂಗೆ?" ಅಂದರು. ಏನೂ ಇಲ್ಲ. ಇಲ್ಲಿ ಗಾಯಕ್ಕೆ ಪರಿಹಾರ ಕೇಳಿ ಗುದ್ದಿದವನ ಮೇಲೆ ದಾವೆ ಹೂಡುವಂತಿಲ್ಲ. ಎಸಿಸಿ ಕೂಡ ನೋವು-ಸಂಕಟಕ್ಕೆ ಅಂತ ಕೊಡುವುದಿಲ್ಲ. ಗಾಯದಿಂದ ಶಾಶ್ವತ ಊನವಾದರೆ ಮಾತ್ರ ಒಂದು ಇಡಿಗಂಟು. ನಮ್ಮ ಟ್ರಿಬ್ಯುನಲ್ಲುಗಳು ನೋವಿಗೆ ಬೇರೆ, ಮುಂದೆ ಕಳೆದುಕೊಳ್ಳುವ ಗಳಿಕೆಗೆ ಬೇರೆ ಲೆಕ್ಕ ಹಾಕುತ್ತವೆ. ವಯಸ್ಸಾದವರ ಬೆನ್ನು, ಕತ್ತಿನ ವಿಷಯದಲ್ಲಿ "ಇದು ಸವೆತ, ಅಪಘಾತದ್ದಲ್ಲ" ಅಂತ ಎಸಿಸಿ ಕೈತೊಳೆದುಕೊಂಡಿದ್ದನ್ನು ಇಲ್ಲಿನ ಗೆಳೆಯರ ಮನೆಗಳಲ್ಲಿ ನಾನೇ ಕಂಡಿದ್ದೇನೆ. ಇನ್ನೊಂದು ವಿಷಯ ಕೇಳಿ ಚಿಕ್ಕಪ್ಪ ದಂಗಾದರು. ನ್ಯೂಜಿಲೆಂಡಿನಲ್ಲಿ ವಾಹನಕ್ಕೆ ಇನ್ಶೂರೆನ್ಸ್ ಕಡ್ಡಾಯವೇ ಅಲ್ಲ! ನಮ್ಮ ಪುಣ್ಯಕ್ಕೆ ಗುದ್ದಿದವನು ಮಾಡಿಸಿದ್ದ. ಇಲ್ಲದಿದ್ದರೆ ಬಂಪರಿಗಾಗಿ ಅವನ ಹಿಂದೆ ಅಲೆಯಬೇಕಿತ್ತು. ನಮ್ಮಲ್ಲಿ ಥರ್ಡ್ ಪಾರ್ಟಿ ಇಲ್ಲದೆ ಗಾಡಿ ರಸ್ತೆಗೆ ಇಳಿಸುವುದೇ ಅಪರಾಧ. ಈ ವಿಷಯದಲ್ಲಿ ನಾವೇ ವಾಸಿ, ಒಪ್ಪಬೇಕು.

ಊರಲ್ಲೂ ಏನೋ ಶುರುವಾಗಿದೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಬಂದಿದೆ. ಜೀವ ಉಳಿಸುವ ಮಟ್ಟಿಗೆ ಅದು ದೊಡ್ಡದು, ಬರಲೇಬೇಕಿತ್ತು. ಆದರೆ ಅದರ ಗಡುವು ಅಪಘಾತವಾದ ದಿನದಿಂದ ಏಳು ದಿನ. ಕತ್ತು ಹಿಡಿದುಕೊಂಡವರು ಫಿಜಿಯೋಥೆರಪಿಗೆ ವಾರಗಟ್ಟಲೆ ಹೋಗಬೇಕು. ಆ ಏಳು ದಿನವನ್ನು ಮೂರು ತಿಂಗಳು ಮಾಡಿ, ಆಸ್ಪತ್ರೆಯ ಹೊರಗಿನ ಫಿಜಿಯೋಥೆರಪಿಯನ್ನೂ ಸೇರಿಸಲಿ. ತಪ್ಪು ಯಾರದ್ದು ಅಂತ ಟ್ರಿಬ್ಯುನಲ್ಲು ಎಷ್ಟು ವರ್ಷ ಬೇಕಾದರೂ ವಿಚಾರಣೆ ಮಾಡಲಿ.