ಒತ್ತಿದ್ದೇ ತಪ್ಪಂತೆ!

ಇವತ್ತು ಯಾರನ್ನಾದರೂ ಬೈಯದಿದ್ದರೆ ನನಗೆ ನಿದ್ದೆ ಬರೋದಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ದಸರಾ ರಜೆಗೆ ಊರಿಗೆ ಹೋಗಿದ್ದೆ. ಸಾಗರದಿಂದ ಒಳಗೆ ಹದಿನೈದು ಕಿಲೋಮೀಟರ್. ಮನೆಯ ಮೂಲೆಯಲ್ಲಿ ಕಂಪ್ಯೂಟರಿನ ಮೇಲೆ ಅಮ್ಮನ ಹಳೇ ಸೀರೆ ಮುಚ್ಚಿತ್ತು. ಅಪ್ಪ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂರುತ್ತಿದ್ದ ಜಾಗ ಅದು. ಯಾಕಪ್ಪಾ ಅಂತ ಕೇಳಿದರೆ "ಕೆಟ್ಟಿದೆ, ಬಿಡು" ಅಂದರು. ನನ್ನ ಮುಖ ನೋಡಲಿಲ್ಲ.

ಆಯುಧಪೂಜೆ ದಿನ ಕುಂಕುಮ ಇಡೋಣ ಅಂತ ಸೀರೆ ತೆಗೆದೆ. ಹಾಗೇ ಆನ್ ಮಾಡಿದೆ. ಒಂದು ನಿಮಿಷವೂ ಆಗಿಲ್ಲ, ಪರದೆಯ ಬಲಗಡೆ ಕೆಳಮೂಲೆಯಲ್ಲಿ ಒಂದರ ಮೇಲೊಂದು ಡಬ್ಬಿಗಳು. ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್! ಐದೇ ನಿಮಿಷದಲ್ಲಿ ಸಾಲ! ಮಂಡಿನೋವಿಗೆ ಎಣ್ಣೆ! ಕೊನೆಗೆ ಮೈಮೇಲೆ ಬಟ್ಟೆಯೇ ಸರಿಯಾಗಿಲ್ಲದ ಒಬ್ಬಳು ಹೆಂಗಸು. ಅಮ್ಮ ಪಕ್ಕದಲ್ಲೇ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ಅಪ್ಪ ಏನೂ ಮಾತಾಡದೆ ಹಿತ್ತಲಿಗೆ ಹೋದರು.

ಆಮೇಲೆ ಮೆಲ್ಲಗೆ ಕೇಳಿದಾಗ ಬಾಯಿಬಿಟ್ಟರು. "ನಾನೇ ಏನೋ ಒತ್ಬಿಟ್ಟೆ ಕಣೇ."

ಅವರು ಒತ್ತಿದ್ದೇನು ಗೊತ್ತಾ? ನಿವೃತ್ತ ನೌಕರರ ಸಂಘದ ಪತ್ರ ಟೈಪ್ ಮಾಡೋಕೆ ನುಡಿ ತಂತ್ರಾಂಶ ಬೇಕಿತ್ತು. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿಯನ್ನು ಬಿಟ್ಟಿಯಾಗಿಯೇ ಕೊಡುತ್ತಾರೆ. ಆದರೆ ಹುಡುಕಿದಾಗ ಮೇಲೆ ಬಂದಿದ್ದು ಯಾವುದೋ ಬೇರೆ ಸೈಟು. ಅಲ್ಲಿ ಅಂಗೈಯಗಲದ ಹಸಿರು ಡೌನ್‌ಲೋಡ್ ಗುಂಡಿ. ಅದು ಜಾಹೀರಾತು, ನಿಜವಾದ ಲಿಂಕ್ ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ. ಅಪ್ಪ ಹಸಿರನ್ನೇ ಒತ್ತಿದರು. ಆಮೇಲೆ ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ. ನಡುವೆ ಒಂದು ಕಡೆ "ರೆಕಮೆಂಡೆಡ್" ಅನ್ನೋದಕ್ಕೆ ಮೊದಲೇ ಚುಕ್ಕಿ ಬಿದ್ದಿರುತ್ತೆ. ಪಕ್ಕದಲ್ಲಿ "ಕಸ್ಟಮ್" ಅಂತ ಮಸುಕು ಬಣ್ಣದಲ್ಲಿ, ಒತ್ತೋಕೇ ಆಗಲ್ವೇನೋ ಅನ್ನೋ ಹಾಗೆ. ಅದನ್ನು ಒತ್ತಿದರೆ ಮಾತ್ರ ಗೊತ್ತಾಗೋದು, ಒಳಗೆ ಇನ್ನೂ ನಾಲ್ಕು ಪ್ರೋಗ್ರಾಂಗೆ ಟಿಕ್ ಹಾಕಿ ಕೂರಿಸಿದ್ದಾರೆ ಅಂತ.

ಮೂವತ್ನಾಲ್ಕು ವರ್ಷ ಕನ್ನಡ ಪಾಠ ಮಾಡಿದ ಮೇಷ್ಟ್ರು ಅವರು. ಇಂಗ್ಲಿಷಿನ ನಲವತ್ತು ಪುಟದ ಕರಾರು ಓದಿ ಒಪ್ಪಿದರಂತೆ! ಹಿಂದೆ ಸಾಹುಕಾರರು ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡು ಗದ್ದೆ ಬರೆಸಿಕೊಳ್ಳುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಆಗ ಮಸಿಯಾದರೂ ಕೈಗೆ ಮೆತ್ತಿಕೊಳ್ಳುತ್ತಿತ್ತು.

ಸರಿ, ಕಳೆ ಕೀಳೋಕೆ ಕೂತೆ. ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಎರಡು ದಿನ ಹೋಯಿತು.

ಮೂಲೆಯ ಡಬ್ಬಿಗಳದ್ದು ಸುಲಭ. ಅವು ಪ್ರೋಗ್ರಾಮೇ ಅಲ್ಲ, ಬ್ರೌಸರಿನ ನೋಟಿಫಿಕೇಶನ್. "ನೀವು ರೋಬೋ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಅಂತ ಹೇಳಿ ಒತ್ತಿಸಿಕೊಂಡಿರುತ್ತಾರೆ. ಸೈಟ್ ಸೆಟ್ಟಿಂಗ್ಸಿನಲ್ಲಿ ನೋಡಿದರೆ ಹನ್ನೊಂದು ಸೈಟುಗಳು ಸಾಲಾಗಿ ಕೂತಿದ್ದವು. ಎಲ್ಲವನ್ನೂ ಓಡಿಸಿದೆ.

ಪ್ರೋಗ್ರಾಂ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದಾಗ ಕಳ್ಳರು ಸಿಕ್ಕರು. ನಾಲ್ಕೂ ಒಂದೇ ದಿನ ಬಂದಿದ್ದವು. ತೆಗೆಯಲು ಹೋದರೆ "ನಿಮ್ಮ ಕಂಪ್ಯೂಟರ್ ಅಪಾಯಕ್ಕೆ ಸಿಲುಕುತ್ತದೆ, ಖಚಿತವೇ?" ಅಂತ ಕೇಳುತ್ತವೆ. ಇಟ್ಟುಕೊಳ್ಳೋ ಗುಂಡಿಗೆ ಬಣ್ಣ, ತೆಗೆಯೋ ಗುಂಡಿಗೆ ಬೂದಿ. ತೆಗೆದು ರೀಸ್ಟಾರ್ಟ್ ಮಾಡಿದೆ. ಒಂದು ಮತ್ತೆ ಹಾಜರ್! ಹೊತ್ತುಹೊತ್ತಿಗೆ ಪ್ರೋಗ್ರಾಂಗಳನ್ನು ತಾನೇ ಓಡಿಸೋ ಟಾಸ್ಕ್ ಶೆಡ್ಯೂಲರಿನಲ್ಲಿ ಯಾವುದೋ "ಅಪ್‌ಡೇಟ್" ಅನ್ನೋ ಮುಗ್ಧ ಹೆಸರಿನಲ್ಲಿ ಕೂತು, ಪ್ರತಿ ಸಲ ಆನ್ ಮಾಡಿದಾಗ ಮತ್ತೆ ಬಿತ್ತನೆ ಮಾಡುತ್ತಿತ್ತು.

ನನಗೆ ನೆತ್ತಿಗೇರಿದ್ದು ಕ್ರೋಮಿನಲ್ಲಿ. ಬ್ರೌಸರಿಗೆ ಜೋತುಬಿದ್ದು ಕೆಲಸ ಮಾಡೋ ಪುಟ್ಟ ಪ್ರೋಗ್ರಾಂ, ಅಂದರೆ ಎಕ್ಸ್‌ಟೆನ್ಶನ್ ಒಂದಕ್ಕೆ ರಿಮೂವ್ ಗುಂಡಿಯೇ ಕೆಲಸ ಮಾಡುತ್ತಿರಲಿಲ್ಲ. ಮೆನುವಿನ ಕೆಳಗೆ "ಈ ಬ್ರೌಸರನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ" ಅನ್ನೋ ಅರ್ಥದ ಒಂದು ಸಾಲು. ಯಾವ ಸಂಸ್ಥೆ ಸ್ವಾಮಿ? ನಮ್ಮ ಮನೆಯಲ್ಲಿ ಇರೋದು ಅಪ್ಪ, ಅಮ್ಮ ಮತ್ತು ಒಂದು ಬೆಕ್ಕು. ಕಂಪನಿಗಳು ನೌಕರರ ಕಂಪ್ಯೂಟರಿಗೆ ಹಾಕೋ ಕಟ್ಟುಪಾಡು (ಪಾಲಿಸಿ) ಅದು. ಅದನ್ನೇ ವಿಂಡೋಸಿನ ಸೆಟ್ಟಿಂಗುಗಳ ಕಡತವಾದ ರಿಜಿಸ್ಟ್ರಿಯಲ್ಲಿ ಬರೆದು, ತಮ್ಮ ಎಕ್ಸ್‌ಟೆನ್ಶನ್ನಿಗೆ ಬೀಗ ಜಡಿದಿದ್ದರು. ಬೀಗ ಒಡೆದೆ. ಆದರೂ ಕ್ರೋಮ್ ತೆರೆದರೆ ಅದೇ ದರಿದ್ರ ಹುಡುಕಾಟದ ಪುಟ! ಡೆಸ್ಕ್‌ಟಾಪಿನ ಶಾರ್ಟ್‌ಕಟ್ಟಿನ ಟಾರ್ಗೆಟ್ ಸಾಲಿನ (ಏನನ್ನು ತೆರೆಯಬೇಕು ಅಂತ ಹೇಳೋ ಸಾಲು) ಬಾಲಕ್ಕೆ ಆ ಪುಟದ ವಿಳಾಸ ಅಂಟಿಸಿದ್ದರು. ಇಷ್ಟು ಬುದ್ಧಿಯನ್ನು ಒಳ್ಳೇ ಕೆಲಸಕ್ಕೆ ಖರ್ಚು ಮಾಡಬಾರದಾ? ಕೊನೆಗೆ ಆಡ್‌ಡಬ್ಲ್ಯೂಕ್ಲೀನರ್ ಅನ್ನೋ, ಇಂಥ ಪೀಡೆ ತೆಗೆಯೋ ತಂತ್ರಾಂಶ ಹಾಕಿ ಉಳಿದ ಚೂರುಪಾರನ್ನು ಗುಡಿಸಿದೆ. ಪಾಸ್‌ವರ್ಡ್‌ಗಳನ್ನೂ ಬದಲಾಯಿಸಿದೆ.

ಈ ಪೀಡೆಗೆ ಏನು ಹೆಸರು ಗೊತ್ತಾ? "ಬೇಡವಾಗಿರಬಹುದಾದ ಪ್ರೋಗ್ರಾಂ." ವಿಂಡೋಸ್ ಸೆಕ್ಯುರಿಟಿಯಲ್ಲೂ ತಡೆಯುವ ಸ್ವಿಚ್ಚಿಗೆ ಇದೇ ಹೆಸರು. 2021ರಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿಯೇ ಆನ್ ಮಾಡುತ್ತಾ ಬಂದಿದೆ, ನಮ್ಮಲ್ಲಿ ಹೇಗೋ ಆಫ್ ಆಗಿತ್ತು. ಬೇಡವಾಗಿ*ರಬಹುದು* ಅಂತೆ! ಈ ಮರ್ಯಾದೆ ಯಾಕೆ ಅಂದರೆ, ವೈರಸ್ ಅಂತ ಕರೆದರೆ ಕೋರ್ಟಿಗೆ ಹೋಗುತ್ತಾರೆ. ಅಮೆರಿಕದಲ್ಲಿ ಜಾಂಗೋ ಅನ್ನೋ ಜಾಹೀರಾತು ತಂತ್ರಾಂಶದ ಕಂಪನಿ, ತನ್ನ ಪ್ರೋಗ್ರಾಂ ತಡೆದಿದ್ದಕ್ಕೆ ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಮೇಲೆ ಕೇಸು ಹಾಕಿತ್ತು. 2009ರಲ್ಲಿ ಸೋತಿತು ಬಿಡಿ. ನಮ್ಮಲ್ಲೂ 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಸೈಟುಗಳಲ್ಲಿ ಜನರನ್ನು ಯಾಮಾರಿಸಿ ಒತ್ತಿಸೋ 13 ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ವೇಷ ಮರೆಸಿದ ಜಾಹೀರಾತು, ಗೊಂದಲದ ಪ್ರಶ್ನೆ, ವೈರಸ್ ಇದೆ ಅಂತ ಹೆದರಿಸಿ ದುಡ್ಡು ಕೀಳೋದು, ಎಲ್ಲ ಅದರಲ್ಲಿದೆ. ಅಪ್ಪನಿಗೆ ಈ ಮೂರೂ ಒಂದೇ ಮಧ್ಯಾಹ್ನ ಆಗಿವೆ. ಯಾರ ಹೆಸರು ಹಿಡಿದು ದೂರು ಕೊಡಲಿ? ಆ ಸೈಟಿಗೆ ಹೆಸರಿಲ್ಲ, ಊರಿಲ್ಲ.

ದುಡ್ಡಿನ ಮಾತು ಹೇಳೋದು ಮರೆತೆ. ಆ ನಾಲ್ಕರಲ್ಲಿ ಒಂದು "ಕ್ಲೀನರ್" ಅಂತೆ. ವೈರಸ್ ತೆಗೆಯೋಕೆ 2,499 ರೂಪಾಯಿ ಕೇಳಿತ್ತು. ಅಪ್ಪ ಪಿಂಚಣಿ ಖಾತೆಯ ಕಾರ್ಡಿನ ನಂಬರನ್ನೂ ಹಾಕಿದ್ದಾರೆ! ಮನೆಯೊಳಗೆ ಸಿಗ್ನಲ್ ಇಲ್ಲದೆ ಒಟಿಪಿ ಬರಲಿಲ್ಲ, ಹಾಗಾಗಿ ಉಳಿಯಿತು. ನಮ್ಮೂರಿನ ಹಾಳು ನೆಟ್‌ವರ್ಕಿಗೆ ಜೀವನದಲ್ಲಿ ಮೊದಲ ಸಲ ಕೈ ಮುಗಿದೆ. ಮಾರನೇ ದಿನವೇ ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿದೆವು. ನಾನು ಬರೋ ಮೊದಲು ಅಪ್ಪ ಪೇಟೆಯ ರಿಪೇರಿ ಅಂಗಡಿಯವನನ್ನು ಕೇಳಿದ್ದರಂತೆ. "ಫಾರ್ಮ್ಯಾಟ್ ಹೊಡೀಬೇಕು ಮೇಷ್ಟ್ರೇ, ಕಂಡಕಂಡದ್ದು ಒತ್ಬಾರ್ದು" ಅಂದನಂತೆ. ಎಲ್ಲರೂ ಅದನ್ನೇ ಹೇಳೋದು. ಒತ್ತಿಸಿದವನನ್ನು ಮಾತ್ರ ಯಾರೂ ಏನೂ ಅನ್ನೋದಿಲ್ಲ.

ಈಗ ಕಂಪ್ಯೂಟರ್ ಸರಿಯಾಗಿದೆ. ನಿಜವಾದ ನುಡಿಯನ್ನೂ ಹಾಕಿಕೊಟ್ಟು ಬಂದೆ.

ನಿನ್ನೆ ರಾತ್ರಿ ಒಂಬತ್ತೂವರೆಗೆ ಅಪ್ಪನ ಫೋನು. ಸಿಗ್ನಲ್ಲಿಗೆ ಅಂತ ಅಂಗಳಕ್ಕೆ ಬಂದು ನಿಂತಿದ್ದಾರೆ, ಜೀರುಂಡೆ ಸದ್ದು ಕೇಳುತ್ತಿದೆ.

"ಸಂಘದ ಪತ್ರ ಬರ್ದೆ ಕಣೇ. ಮುಚ್ಚೋಕೆ ಹೋದ್ರೆ ಸೇವ್ ಮಾಡ್ಬೇಕಾ ಅಂತ ಕೇಳ್ತಿದೆ. ಒತ್ಲಾ?"