ಇಬ್ನ್ ಬತೂತ ಅರಬನೋ, ಬರ್ಬರನೋ?

ಕನ್ನಡದಲ್ಲಿ ‘ಬರ್ಬರ’ ಎಂದರೆ ಕ್ರೂರ, ಅನಾಗರಿಕ. ‘ಬರ್ಬರ ಹತ್ಯೆ’ ಎಂಬ ತಲೆಬರಹ ನಮ್ಮ ಪತ್ರಿಕೆಗಳಲ್ಲಿ ಕಾಣಿಸದ ವಾರವಿಲ್ಲ. ಇದೇ ಪದಕ್ಕೆ ನೆಂಟಸ್ತಿಕೆಯುಳ್ಳ ಹೆಸರೊಂದನ್ನು ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾ, ಲಿಬಿಯಾಗಳ ಕೋಟ್ಯಂತರ ಜನರ ಮೇಲೆ ಹೊರಗಿನವರು ಹೊರಿಸಿದರು. ತಮಗೆ ತಿಳಿಯದ ನುಡಿಯನ್ನು ಅಣಕಿಸಿ ಗ್ರೀಕರು ಕಟ್ಟಿದ ಪದ, ಸಂಸ್ಕೃತದ ‘ಬರ್ಬರ’, ಅರಬ್ಬಿಯ ‘ಬರ್ಬರ್’ ಇವೆಲ್ಲದರ ಹಿಂದೆ ಇರುವುದು ಒಂದೇ ತೊದಲಿನ ಸದ್ದು. ಇಫ್ರೀಕಿಶ್ ಎಂಬ ಯೆಮನ್ನಿನ ಅರಸ ಈ ಜನರ ಮಾತು ಕೇಳಿ, ‘ಎಷ್ಟೊಂದು ಬರಬರ ಎನ್ನುತ್ತೀರಿ’ ಎಂದು ಬೆರಗಾದ ಐತಿಹ್ಯವನ್ನು ಹದಿನಾಲ್ಕನೆಯ ಶತಮಾನದ ಇತಿಹಾಸಕಾರ ಇಬ್ನ್ ಖಲ್ದೂನ್ ಕೂಡ ದಾಖಲಿಸಿದ್ದಾನೆ. ಇಂದು ಆ ಜನ ತಮ್ಮನ್ನು ಅಮಾಜಿಗ್ ಎಂದು ಕರೆದುಕೊಳ್ಳುತ್ತಾರೆ, ಅದಕ್ಕೆ ‘ಸ್ವತಂತ್ರ ಮನುಷ್ಯ’ ಎಂಬ ಅರ್ಥವನ್ನು ಹೆಮ್ಮೆಯಿಂದ ಹೇಳುತ್ತಾರೆ. ಕನ್ನಡದಲ್ಲಿ ಬರೆಯುವವರು ಈ ಹೆಸರನ್ನೇ ಬಳಸಬೇಕು ಎಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ‘ಬರ್ಬರರ ಇತಿಹಾಸ’ ಎಂದು ಬರೆದೊಡನೆ ನಮ್ಮ ಓದುಗರ ಮನಸ್ಸಿನಲ್ಲಿ ತೀರ್ಪೊಂದು ಮೂಡಿಬಿಟ್ಟಿರುತ್ತದೆ.

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿರುವುದನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ನೋಡಿಲ್ಲ ಎಂದು ಬರೆಸಿದ ಇಬ್ನ್ ಬತೂತ ನಮಗೆಲ್ಲ ಪರಿಚಿತ. ಬಾರ್ಕೂರು, ಮಂಗಳೂರುಗಳನ್ನೂ ಅವನು ನೋಡಿದ್ದ. ನಮ್ಮಲ್ಲಿ ಅನೇಕರು ಅವನನ್ನು ‘ಅರಬ್ ಪ್ರವಾಸಿ’ ಎಂದೇ ಬರೆಯುತ್ತಾರೆ. 1304ರಲ್ಲಿ ಮೊರಾಕ್ಕೊದ ಟಾಂಜಿಯರ್‌ನಲ್ಲಿ ಹುಟ್ಟಿದ ಅವನ ಮನೆತನ ಲವಾತ ಎಂಬ ಅಮಾಜಿಗ್ ಕುಲದ್ದು. ಆದರೆ ಅವನು ಓದಿದ್ದು ಅರಬ್ಬಿ, ಖಾಜಿಯಾಗಿ ನ್ಯಾಯ ಹೇಳಿದ್ದು ಅರಬ್ಬಿ ಗ್ರಂಥಗಳ ಆಧಾರದಿಂದ. ಅವನ ಪ್ರವಾಸಕಥನ 1355ರಲ್ಲಿ ಫೆಜ್ ನಗರದಲ್ಲಿ ಸಿದ್ಧವಾಯಿತು. ಅದನ್ನು ಬರೆಸಿದ, ಆಗ ಮೊರಾಕ್ಕೊವನ್ನು ಆಳುತ್ತಿದ್ದ ಮರೀನಿ ಸುಲ್ತಾನನ ವಂಶ ಜನಾತ ಎಂಬ ಅಮಾಜಿಗ್ ಕುಲದ್ದು, ಬರೆದುಕೊಂಡ ಇಬ್ನ್ ಜುಜಯ್ಯಿ ಸ್ಪೇನಿನ ಗ್ರಾನಡಾದವನು, ಗ್ರಂಥದ ಭಾಷೆ ಅರಬ್ಬಿ. ಇಷ್ಟು ಎಳೆಗಳು ಕೂಡಿ ಹುಟ್ಟಿದ ಕೃತಿಯನ್ನು ಒಂದೇ ಜನಾಂಗದ ಲೆಕ್ಕಕ್ಕೆ ಬರೆಯುವುದು ಆ ಕಾಲಕ್ಕೆ ಮಾಡುವ ಅನ್ಯಾಯ.

ಅರಬ್ ಮತ್ತು ಅಮಾಜಿಗ್ ಎಂಬುದನ್ನು ಎರಡು ಬೇರೆ ಕೋಣೆಗಳಂತೆ ಕಾಣುವ ಅಭ್ಯಾಸಕ್ಕೆ ಅದರದೇ ಆದ ಚರಿತ್ರೆಯಿದೆ. ಅದನ್ನು ತಿಳಿಯದೆ ಉತ್ತರ ಆಫ್ರಿಕಾದ ಅಧ್ಯಯನ ಮಾಡಲಾಗದು ಎಂಬುದು ಕೆಲವು ವರ್ಷಗಳ ಓದಿನಿಂದ ನನಗೆ ಖಚಿತವಾಗಿದೆ. ಇಬ್ನ್ ಖಲ್ದೂನನನ್ನೇ ನೋಡಿ. ಯೆಮನ್ನಿನ ಹದ್ರಮೌತ್‌ನ ಅರಬ್ ಮೂಲದಿಂದ ಸ್ಪೇನಿನ ಸೆವಿಲ್ಲೆಗೆ, ಅಲ್ಲಿಂದ ಟುನಿಸ್‌ಗೆ ಬಂದ ಮನೆತನದವನಾದ ಅವನು ಹಫ್ಸಿ, ಮರೀನಿ ಮುಂತಾದ ಅಮಾಜಿಗ್ ಮೂಲದ ಆಸ್ಥಾನಗಳಲ್ಲಿ ದುಡಿದು, 1377ರಲ್ಲಿ ಇಂದಿನ ಅಲ್ಜೀರಿಯಾದ ಕೋಟೆಯೊಂದರಲ್ಲಿ ಕುಳಿತು ತನ್ನ ಇತಿಹಾಸಗ್ರಂಥದ ಪೀಠಿಕೆಯಾದ ‘ಮುಖದ್ದಿಮಾ’ದ ಮೊದಲ ಕರಡನ್ನು ಮುಗಿಸಿದ. ಕುಲದ ಒಗ್ಗಟ್ಟು, ಅಂದರೆ ‘ಅಸಬಿಯ್ಯಾ’, ರಾಜ್ಯಗಳನ್ನು ಕಟ್ಟುತ್ತದೆ, ನಗರದ ಸುಖದಲ್ಲಿ ಅದು ಸಡಿಲಗೊಂಡಾಗ ರಾಜ್ಯ ಕುಸಿಯುತ್ತದೆ ಎಂಬ ಅವನ ವಿಚಾರ ಅರಬರಿಗೂ ಅಮಾಜಿಗರಿಗೂ ಸಮಾನವಾಗಿ ಅನ್ವಯಿಸುವಂಥದ್ದು. ಐದು ಶತಮಾನಗಳ ನಂತರ, ಅಲ್ಜೀರಿಯಾವನ್ನು ಆಕ್ರಮಿಸಿದ್ದ ಫ್ರಾನ್ಸಿನ ಯುದ್ಧ ಮಂತ್ರಾಲಯವೇ ಅವನ ಬೃಹತ್ ಇತಿಹಾಸದ ಒಂದು ಭಾಗವನ್ನು ಅಚ್ಚು ಹಾಕಿಸಿತು. ಸೇನೆಯ ದುಭಾಷಿಯಾಗಿದ್ದ ಬ್ಯಾರನ್ ದ ಸ್ಲಾನ್ ಮಾಡಿದ ಫ್ರೆಂಚ್ ಅನುವಾದ 1852ರಿಂದ 1856ರ ನಡುವೆ ‘ಬರ್ಬರರ ಇತಿಹಾಸ’ ಎಂಬ ಹೆಸರಿನಲ್ಲಿ ಹೊರಬಂತು. ಆ ಪರಿಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ದೊಡ್ಡ ಗ್ರಂಥದಿಂದ ಬೇರ್ಪಟ್ಟು ಫ್ರೆಂಚಿನಲ್ಲಿ ನಿಂತಾಗ, ರಾಜವಂಶಗಳ ಏಳುಬೀಳಿನ ಕಥನವು ಎರಡು ಜನಾಂಗಗಳ ಹಗೆಯ ಕಥೆಯಂತೆ ಓದಿಸಿಕೊಂಡಿತು, ಆಳುವವರಿಗೂ ಅದೇ ಬೇಕಾಗಿತ್ತು.

ಪುಸ್ತಕದ ವಿಂಗಡಣೆ ಮುಂದೆ ಕಾನೂನೂ ಆಯಿತು. 1930ರ ಮೇ 16ರಂದು ಮೊರಾಕ್ಕೊದ ಫ್ರೆಂಚ್ ಆಡಳಿತ ಹೊರಡಿಸಿದ ‘ಬರ್ಬರ್ ದಾಹಿರ್’ ಎಂಬ ರಾಜಾಜ್ಞೆ ಅಮಾಜಿಗ್ ಕುಲಗಳನ್ನು ಇಸ್ಲಾಮಿ ಶರಿಯತ್ತಿನಿಂದ ಬಿಡಿಸಿ, ಕುಲದ ರೂಢಿಯಂತೆ ನ್ಯಾಯ ಹೇಳುವ ಪ್ರತ್ಯೇಕ ನ್ಯಾಯಾಲಯಗಳ ಅಡಿಗೆ ತಂದಿತು. ಸಲೆ, ಫೆಜ್ ನಗರಗಳ ಮಸೀದಿಗಳಲ್ಲಿ ಜನ ಸೇರಿ, ಆಪತ್ಕಾಲದ ಲತೀಫ್ ಪ್ರಾರ್ಥನೆಯ ಕೊನೆಗೆ, ನಮ್ಮ ಬರ್ಬರ್ ಸಹೋದರರಿಂದ ನಮ್ಮನ್ನು ಅಗಲಿಸಬೇಡ ಎಂದು ಮೊರೆಯಿಟ್ಟರು. ಮೊರಾಕ್ಕೊದ ರಾಷ್ಟ್ರೀಯ ಚಳವಳಿ ಬಲಗೊಂಡದ್ದು ಆ ಪ್ರಾರ್ಥನೆಗಳಿಂದ. ನೋವಿನ ಸಂಗತಿಯೆಂದರೆ, ಸ್ವಾತಂತ್ರ್ಯ ಬಂದ ಮೇಲೆ ಅಮಾಜಿಗ್ ಭಾಷೆಯ ಪರ ಮಾತನಾಡುವುದೇ ವಸಾಹತುಶಾಹಿಯ ಪಿತೂರಿಯಂತೆ ಕಾಣತೊಡಗಿತು. 1980ರ ಮಾರ್ಚ್‌ನಲ್ಲಿ ಅಲ್ಜೀರಿಯಾದ ತೀಜಿ ಉಜು ವಿಶ್ವವಿದ್ಯಾಲಯದಲ್ಲಿ ಲೇಖಕ ಮುಲೂದ್ ಮಾಮೆರಿಯವರು ಕಬೀಲಿ ಎಂಬ ಅಮಾಜಿಗ್ ನುಡಿಯ ಪ್ರಾಚೀನ ಕಾವ್ಯದ ಬಗ್ಗೆ ನೀಡಬೇಕಿದ್ದ ಉಪನ್ಯಾಸವನ್ನು ಅಧಿಕಾರಿಗಳು ರದ್ದುಪಡಿಸಿದರು. ಹಳೆಯ ಪದ್ಯಗಳ ಕುರಿತ ಒಂದು ಉಪನ್ಯಾಸಕ್ಕೆ ಪ್ರಭುತ್ವ ಹೆದರಿತು! ಮುಷ್ಕರ, ಬಂಧನಗಳಿಂದ ತುಂಬಿದ ಆ ದಿನಗಳನ್ನು ಜನ ಇಂದಿಗೂ ‘ಬರ್ಬರ್ ವಸಂತ’ ಎಂದು ನೆನೆಯುತ್ತಾರೆ.

ಮೊರಾಕ್ಕೊ 2011ರಲ್ಲಿ, ಅಲ್ಜೀರಿಯಾ 2016ರಲ್ಲಿ ಅಮಾಜಿಗ್ ಭಾಷೆಗೆ ಸಂವಿಧಾನದಲ್ಲಿ ಅಧಿಕೃತ ಸ್ಥಾನ ನೀಡಿದವು. ಮೊರಾಕ್ಕೊದ ಸರ್ಕಾರಿ ಕಟ್ಟಡಗಳ ಫಲಕಗಳಲ್ಲಿ ಈಗ ಆ ಭಾಷೆಯ ತಿಫಿನಾಘ್ ಲಿಪಿ ಕಾಣುತ್ತದೆ. ಎರಡೂ ಕೈ ಮೇಲೆತ್ತಿ ನಿಂತ ಮನುಷ್ಯನಂತಿರುವ ಅದರ ಒಂದು ಅಕ್ಷರವೇ ಅಮಾಜಿಗ್ ಬಾವುಟದ ನಡುವಿನ ಗುರುತು. ಈ ಮನ್ನಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಅರಬ್ಬಿಯನ್ನು ಪರಕೀಯವೆಂದು ಹೊರಗಿಟ್ಟು ‘ಶುದ್ಧ’ ಅಮಾಜಿಗ್ ಚರಿತ್ರೆ ಕಟ್ಟಲು ಹೊರಟ ಬರಹಗಳನ್ನು ಒಪ್ಪಲಾರೆ, ಅವು ಬೇಡವೆಂದರೂ ದ ಸ್ಲಾನ್ ಕಾಲದ ಗೆರೆಯನ್ನೇ ಮತ್ತೆ ಎಳೆಯುತ್ತವೆ. ಅಮಾಜಿಗ್ ನುಡಿಗಳು ಬಾರದೆ ಕೇವಲ ಅರಬ್ಬಿ ಗ್ರಂಥಗಳಿಂದ ಮಗ್ರೆಬ್ಬನ್ನು, ಅಂದರೆ ಉತ್ತರ ಆಫ್ರಿಕಾದ ಪಶ್ಚಿಮ ಭಾಗವನ್ನು, ವಿವರಿಸುವ ವಿದ್ವಾಂಸರ ಮೇಲೂ ನನಗೆ ಇದೇ ಆಕ್ಷೇಪವಿದೆ.

ದಕ್ಷಿಣ ಮೊರಾಕ್ಕೊದ ಸೂಸ್ ಪ್ರದೇಶದ ಹಸ್ತಪ್ರತಿಗಳನ್ನು ಕುರಿತು ಓದಿದಾಗ ಈ ಮಾತು ನನಗೆ ಇನ್ನಷ್ಟು ಸ್ಪಷ್ಟವಾಯಿತು. ತಮಗ್ರುತ್‌ನ ವಿದ್ಯಾಕೇಂದ್ರದಲ್ಲಿ ಕಲಿತ ಮುಹಮ್ಮದ್ ಔಜಾಲ್ ಎಂಬ ಕವಿ, ಹದಿನೆಂಟನೆಯ ಶತಮಾನದ ಆರಂಭದಲ್ಲಿ, ಅರಬ್ಬಿ ಬಾರದ ತನ್ನ ಜನರಿಗಾಗಿ ಸುನ್ನಿ ಇಸ್ಲಾಮಿನ ಒಂದು ಪಂಥವಾದ ಮಾಲಿಕಿಯ ಧರ್ಮಶಾಸ್ತ್ರವನ್ನು ತಶಲ್ಹೀತ್ ಎಂಬ ಅಮಾಜಿಗ್ ನುಡಿಯ ಪದ್ಯಗಳಿಗೆ ಇಳಿಸಿದ. ಕೃತಿಯ ಹೆಸರು ‘ಅಲ್ ಹೌದ್’, ನೀರಿನ ತೊಟ್ಟಿ. ಹೆಸರು ಅರಬ್ಬಿ, ಲಿಪಿ ಅರಬ್ಬಿ, ಆಧಾರಗ್ರಂಥ ಅರಬ್ಬಿ. ಓದಿ ಹೇಳಿದರೆ ಕಿವಿಗೆ ಬೀಳುವುದು ಸೂಸ್ ಬೆಟ್ಟಗಳ ಮನೆಮಾತು.